ಗ, ಹ, ಬ ನಡುವಿನ ಕೆಂಪು ಚುಕ್ಕಿ

ಮೇಜಿನ ಮೇಲಿರುವ ಈ ಕಪ್ಪು ಯಂತ್ರ ಹಿಂದಿನ ಸಾಲಿನವರಿಗೂ ಕಾಣುತ್ತಿದೆಯಾ? ಇದು ಥಿಂಕ್‌ಪ್ಯಾಡ್ ಎಕ್ಸ್220 ಎಂಬ ಲ್ಯಾಪ್‌ಟಾಪ್. 2011ರ ಮಾಡೆಲ್. ನನ್ನ ಕೈಗೆ ಬಂದದ್ದು 2014ರಲ್ಲಿ, ಸೆಕೆಂಡ್‌ಹ್ಯಾಂಡ್. ನಾನು ಡಿಟಿಪಿ ಮಾಡುವವನು. ಪುಸ್ತಕಗಳಿಗೆ ಪುಟ ಕಟ್ಟುತ್ತೇನೆ, ಕರಡು ತಿದ್ದುತ್ತೇನೆ. ಅಂದಿನಿಂದ ನಾನು ಟೈಪ್ ಮಾಡಿದ ಕನ್ನಡವೆಲ್ಲ ಹೆಚ್ಚುಕಡಿಮೆ ಈ ಯಂತ್ರದಲ್ಲೇ ಆದದ್ದು.

ಥಿಂಕ್‌ಪ್ಯಾಡ್ ಅಂದರೆ ಪ್ರಾಣ ಬಿಡುವವರು ಪ್ರಪಂಚದ ತುಂಬ ಇದ್ದಾರೆ. ಹತ್ತು ಹದಿನೈದು ವರ್ಷ ಹಳೆಯ ಯಂತ್ರಕ್ಕೆ ಹೊಸ ಪರದೆ ಹಾಕುತ್ತಾರೆ, ಬ್ಯಾಟರಿ ಹುಡುಕುತ್ತಾರೆ, ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡನ್ನೇ ಬದಲಾಯಿಸುತ್ತಾರೆ. ಅಷ್ಟೆಲ್ಲ ಯಾಕೆ, ಹೊಸದು ತಗೊಳ್ಳಬಾರದಾ ಅಂತ ಮನೆಯವರು ಕೇಳುತ್ತಾರೆ. ನನ್ನ ಮನೆಯಲ್ಲೂ ಕೇಳಿದ್ದಾರೆ. ಆ ಪ್ರಶ್ನೆಗೆ ನನಗೆ ತೋಚಿದ ಉತ್ತರ ಹೇಳುತ್ತೇನೆ. ಇದನ್ನು ಮಾಡಿದವರು, ಮುಂದೊಂದು ದಿನ ಯಾರೋ ಇದನ್ನು ಬಿಚ್ಚುತ್ತಾರೆ ಅಂತ ಯೋಚನೆ ಮಾಡಿಯೇ ಮಾಡಿದ್ದರು. ಒಮ್ಮೆ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಮುಚ್ಚಿದ ಮೇಲೆ ಅದು ನಮ್ಮದಾಗಿಬಿಡುತ್ತದೆ. ದುಡ್ಡು ಕೊಟ್ಟು ತಂದ ದಿನ ಅಷ್ಟು ನಮ್ಮದಾಗಿರುವುದಿಲ್ಲ.

ಮೊದಲು ಸ್ವಲ್ಪ ಹಳೆಯ ಕಥೆ. ಥಿಂಕ್‌ಪ್ಯಾಡನ್ನು ಮೊದಲು ಮಾಡಿದ್ದು ಅಮೆರಿಕದ ಐಬಿಎಂ ಕಂಪನಿ. ಅಲ್ಲಿ ಮುಖ್ಯಸ್ಥರಾಗಿದ್ದ ಥಾಮಸ್ ವಾಟ್ಸನ್ ಕಾಲದಿಂದ ಒಂದು ಘೋಷವಾಕ್ಯ ಇತ್ತು: ‘ಥಿಂಕ್’. ಯೋಚಿಸು ಅಂತ. ಆ ಪದವನ್ನು ಅಚ್ಚು ಹಾಕಿದ, ಜೇಬಿನಲ್ಲಿ ಹಿಡಿಸುವ ಚರ್ಮದ ಹೊದಿಕೆಯ ಪುಟ್ಟ ನೋಟ್‌ಪ್ಯಾಡನ್ನು ನೌಕರರಿಗೆ ಕೊಡುತ್ತಿದ್ದರು. ಥಿಂಕ್‌ಪ್ಯಾಡ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅಕ್ಟೋಬರ್ 1992ರಲ್ಲಿ 700ಸಿ ಎಂಬ ಮಾಡೆಲ್ ಬಂತು. 10.4 ಅಂಗುಲದ ಬಣ್ಣದ ಪರದೆ. ಆ ಕಾಲಕ್ಕೆ ಅದು ಬಹಳ ದೊಡ್ಡದು. ಬೆಲೆ 4,350 ಡಾಲರ್.

ಅದರ ರೂಪ ಹಾಕಿಕೊಟ್ಟವರು ರಿಚರ್ಡ್ ಸ್ಯಾಪರ್. ಜರ್ಮನಿಯವರು, ನೆಲೆಸಿದ್ದು ಇಟಲಿಯ ಮಿಲಾನ್‌ನಲ್ಲಿ. ಯಂತ್ರವನ್ನು ನಿಜಕ್ಕೂ ಕಟ್ಟಿ ನಿಲ್ಲಿಸಿದ್ದು ಜಪಾನಿನಲ್ಲಿದ್ದ ಐಬಿಎಂನ ಯಮಾಟೊ ಪ್ರಯೋಗಾಲಯ, ಅರಿಮಾಸಾ ನೈಟೊ ಅವರ ತಂಡ. ಸ್ಯಾಪರ್ ಅವರ ಮನಸ್ಸಿನಲ್ಲಿ ಇದ್ದದ್ದು ಜಪಾನಿನ ಬೆಂಟೊ, ಅಂದರೆ ಊಟದ ಡಬ್ಬಿ. ಹೊರಗಡೆ ಸುಮ್ನೆ ಒಂದು ಕಪ್ಪು ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಅನ್ನ ಒಂದು ಕಡೆ, ಪಲ್ಯ ಒಂದು ಕಡೆ, ಒಂದೊಂದಕ್ಕೂ ಅಚ್ಚುಕಟ್ಟಾದ ಜಾಗ. ಇಲ್ಲಿ ನೋಡಿ, ಮುಚ್ಚಿದಾಗ ಇದರ ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲ. ತೆರೆದರೆ ಕಪ್ಪಿನ ನಡುವೆ ಒಂದೇ ಒಂದು ಕೆಂಪು ಚುಕ್ಕಿ. ಇವತ್ತಿಗೂ ಹೊಸ ಥಿಂಕ್‌ಪ್ಯಾಡ್ ನೋಡಿದರೆ ಅದೇ ರೂಪ. ಮೂವತ್ತು ವರ್ಷ ದಾಟಿದರೂ ದೂರದಿಂದಲೇ ಗುರುತು ಹಿಡಿಯಬಹುದಾದ ಕಂಪ್ಯೂಟರ್ ಇನ್ನೊಂದು ನನಗೆ ನೆನಪಾಗುವುದಿಲ್ಲ.

ಈ ಕೆಂಪು ಚುಕ್ಕಿ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಇದರ ಹೆಸರು ಟ್ರ್ಯಾಕ್‌ಪಾಯಿಂಟ್. ಕೀಬೋರ್ಡಿನಿಂದ ಕೈ ತೆಗೆದು ಮೌಸ್ ಹಿಡಿಯುವುದಕ್ಕೆ ಮುಕ್ಕಾಲು ಸೆಕೆಂಡ್ ಬೇಕು, ಮತ್ತೆ ಕೀಬೋರ್ಡಿಗೆ ಬರುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಬೇಕು. ಟೆಡ್ ಸೆಲ್ಕರ್ ಎಂಬ ಸಂಶೋಧಕರಿಗೆ ಈ ಲೆಕ್ಕ ತಲೆಗೆ ಹೊಕ್ಕಿತು. ಕೈಯನ್ನು ಎತ್ತದೇ ಪರದೆಯ ಮೇಲಿನ ಬಾಣವನ್ನು ಓಡಿಸುವ ದಾರಿ ಹುಡುಕಿದರು. ಅವರೂ ಜೋಸೆಫ್ ರಟ್ಲೆಜ್ ಅವರೂ ಸೇರಿ ಐಬಿಎಂನಲ್ಲಿ ಮಾಡಿದ್ದೇ ಈ ಕಡ್ಡಿ. ಇದು ಅಲ್ಲಾಡುವುದಿಲ್ಲ, ಗಮನಿಸಿ. ಬೆರಳು ಯಾವ ಕಡೆಗೆ ಎಷ್ಟು ಒತ್ತುತ್ತಿದೆ ಅಂತ ಅಳೆಯುತ್ತದೆ, ಅಷ್ಟೇ. ಮೆಲ್ಲಗೆ ಒತ್ತಿದರೆ ಬಾಣ ಮೆಲ್ಲಗೆ ಹೋಗುತ್ತದೆ, ಜೋರಾಗಿ ಒತ್ತಿದರೆ ಪರದೆಯ ಆ ತುದಿಗೆ ಓಡುತ್ತದೆ. ಕೆಲವು ಸಲ ನಾವು ಮುಟ್ಟದಿದ್ದರೂ ಬಾಣ ತಾನಾಗಿ ಜಾರುತ್ತದೆ. ಆಗ ಗಾಬರಿಯಾಗಬೇಡಿ, ಎರಡು ಕ್ಷಣ ಕೈ ಬಿಡಿ. ಅದು ತನ್ನ ಸೊನ್ನೆಯನ್ನು ತಾನೇ ಸರಿ ಮಾಡಿಕೊಳ್ಳುತ್ತದೆ.

ಬಣ್ಣಕ್ಕೂ ಒಂದು ಕಥೆ ಇದೆ. ಐಬಿಎಂ ನಿಯಮದ ಪ್ರಕಾರ ಕೆಂಪು ಬಣ್ಣ ತುರ್ತು ಸಂದರ್ಭದಲ್ಲಿ ಯಂತ್ರ ಆರಿಸುವ ಗುಂಡಿಗೆ ಮಾತ್ರ ಮೀಸಲು. ಸ್ಯಾಪರ್ ಅವರಿಗೆ ಕೆಂಪೇ ಬೇಕಿತ್ತು. ವಿನ್ಯಾಸದವರು ಕಾಗದದಲ್ಲಿ ಅದನ್ನು ‘ಮಜೆಂಟಾ’ ಅಂತ ಬರೆದು ದಾಟಿಸಿದರು. ಆ ಹಟ ಇಲ್ಲದಿದ್ದರೆ ಇವತ್ತು ನಮ್ಮ ಕಣ್ಣು ಮೊದಲು ಹೋಗುವ ಜಾಗವೇ ಇರುತ್ತಿರಲಿಲ್ಲ.

ಇನ್ನು ನಮ್ಮ ಕನ್ನಡದ ಮಾತು. ಈ ಚುಕ್ಕಿ ಕೂತಿರುವುದು ಜಿ, ಹೆಚ್, ಬಿ ಕೀಗಳ ನಡುವೆ. ನಾನು ಬಳಸುವುದು ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ, ಲಿನಕ್ಸ್‌ನಲ್ಲಿ ಕಗಪ ಅಂತ ಸಿಗುವುದೂ ಅದೇ. ಹಾಗಾಗಿ ನನ್ನ ಪಾಲಿಗೆ ಈ ಚುಕ್ಕಿ ಗ, ಹ, ಬ ನಡುವೆ ಇದೆ. ಕರಡು ತಿದ್ದುವಾಗ ಕೆಲಸ ಹೇಗಿರುತ್ತದೆ ಗೊತ್ತಲ್ವಾ? ಒಂದು ಒತ್ತಕ್ಷರ ಸರಿ ಮಾಡು, ಮೂರು ಸಾಲು ಕೆಳಗೆ ಹೋಗು, ಒಂದು ದೀರ್ಘ ಹಾಕು, ಮತ್ತೆ ಮೇಲೆ ಬಾ. ದಿನಕ್ಕೆ ಸಾವಿರ ಸಲ ಇದೇ. ತೋರುಬೆರಳನ್ನು ಅರ್ಧ ಅಂಗುಲ ಸರಿಸಿದರೆ ಸಾಕು. ಮೌಸ್ ಹಿಡಿದು ಹಿಡಿದು ನನಗೆ ಮಣಿಕಟ್ಟಿನ ನೋವು ಬಂದಿತ್ತು. ಈ ಯಂತ್ರಕ್ಕೆ ಬಂದ ಮೇಲೆ ಕೆಲವೇ ತಿಂಗಳಲ್ಲಿ ಅದು ಕಡಿಮೆಯಾಯಿತು.

ಒಂದು ವಿಷಯ ಬಹುಶಃ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಅರ್ಥ ಆಗುತ್ತದೆ. ಇಂಗ್ಲಿಷ್ ಟೈಪ್ ಮಾಡುವವರ ಕೀಬೋರ್ಡಿನಲ್ಲಿ ಇ, ಎ ಇಂಥ ಕೀಗಳು ಮೊದಲು ಸವೆಯುತ್ತವೆ. ನಮ್ಮಲ್ಲಿ ಎಫ್ ಸವೆಯುತ್ತದೆ. ಯಾಕೆಂದರೆ ಈ ವಿನ್ಯಾಸದಲ್ಲಿ ಒತ್ತು ಕೊಡಲು ಎಫ್ ಬೇಕು. ಅಮ್ಮ ಅಂತ ಬರೆಯಲು ಎ, ಎಂ, ಎಫ್, ಎಂ. ಅಕ್ಕನಿಗೆ ಒಂದು ಎಫ್, ಅಣ್ಣನಿಗೆ ಒಂದು ಎಫ್, ಅಜ್ಜನಿಗೆ ಒಂದು ಎಫ್. ಹತ್ತಿರ ಬಂದು ನೋಡಿ, ಇಲ್ಲಿ ಎಫ್ ಅನ್ನುವ ಅಕ್ಷರವೇ ಉಳಿದಿಲ್ಲ. ಕೀಯ ನಡುವೆ ಬೆರಳು ಕೂರುವಷ್ಟು ನುಣ್ಣಗೆ ಹೊಳಪು ಬಂದಿದೆ. ಎಡ ತೋರುಬೆರಳು ಅದನ್ನು ಕತ್ತಲಲ್ಲೂ ಹುಡುಕಿಕೊಳ್ಳುತ್ತದೆ.

ಕತ್ತಲು ಅಂದಾಗ ನೆನಪಾಯಿತು. ಪರದೆಯ ಮೇಲಂಚಿನಲ್ಲಿ ಒಂದು ಪುಟ್ಟ ದೀಪ ಇದೆ, ಥಿಂಕ್‌ಲೈಟ್ ಅಂತಾರೆ. ಎಫ್‌ಎನ್ ಮತ್ತು ಪೇಜ್‌ಅಪ್, ಎರಡು ಮೂಲೆಯ ಎರಡು ಕೀ ಒತ್ತಿದರೆ ಹತ್ತುತ್ತದೆ. ಮೂಲೆಗಳಲ್ಲಿ ಇಟ್ಟದ್ದರಿಂದ ಕಣ್ಣು ಕಾಣದಿದ್ದರೂ ಕೈ ಹೋಗಿಯೇ ಹೋಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೀಗಳ ಕೆಳಗಿಂದ ಬೆಳಕು ಬರುತ್ತದೆ. ಇದು ಮೇಲಿನಿಂದ ಬೀಳುತ್ತದೆ. ಹಾಗಾಗಿ ಕರೆಂಟ್ ಹೋದಾಗ ಕೀಬೋರ್ಡಿನ ಮೇಲೆ ಹಸ್ತಪ್ರತಿಯ ಹಾಳೆ ಇಟ್ಟು ಓದಬಹುದು. ನಾನು ಎಷ್ಟೋ ರಾತ್ರಿ ಓದಿದ್ದೇನೆ.

ಈಗ ಚಹಾದ ಕಥೆ. 2016ರ ಮಳೆಗಾಲ. ಒಂದು ಅಭಿನಂದನಾ ಗ್ರಂಥ ಮರುದಿನ ಅಚ್ಚಿಗೆ ಹೋಗಬೇಕಿತ್ತು. ರಾತ್ರಿ ಹನ್ನೊಂದರ ಹೊತ್ತು. ತಂಗಿಯ ಮಗ ಪಕ್ಕದಲ್ಲಿ ಆಟ ಆಡುತ್ತಿದ್ದ. ಅವನ ಕೈ ತಗುಲಿ ಲೋಟದ ಚಹಾ ಪೂರ್ತಿ ಕೀಬೋರ್ಡಿನ ಮೇಲೆ ಬಿತ್ತು. ಸಕ್ಕರೆ ಹಾಕಿದ, ಹಾಲಿನ ಚಹಾ. ನಾನು ತಕ್ಷಣ ಬ್ಯಾಟರಿ ಕಿತ್ತೆ. ಹಿಂದಿನ ಚಿಲಕ ಸರಿಸಿದರೆ ಕೈಗೇ ಬರುತ್ತದೆ, ಸ್ಕ್ರೂ ಬೇಡ. ಆಮೇಲೆ ನೋಡಿದರೆ ಚಹಾ ಯಂತ್ರದ ಕೆಳಗಿನಿಂದ ಮೇಜಿನ ಮೇಲೆ ಇಳಿಯುತ್ತಿತ್ತು. ತಿರುಗಿಸಿ ತೋರಿಸುತ್ತೇನೆ. ಇಲ್ಲಿ ತೂತು ಇದೆ, ಪಕ್ಕದಲ್ಲಿ ನೀರಿನ ಹನಿಯ ಗುರುತು. ಕೀಬೋರ್ಡಿನ ಅಡಿ ತಟ್ಟೆಯ ಹಾಗೆ ಇದೆ. ಬಿದ್ದದ್ದು ಅದರಲ್ಲಿ ಸೇರಿ, ಕಾಲುವೆಯಲ್ಲಿ ಹರಿದು, ಈ ತೂತಿನಿಂದ ಹೊರಗೆ ಹೋಗುತ್ತದೆ. ಮದರ್‌ಬೋರ್ಡಿಗೆ ತಗಲುವುದಿಲ್ಲ.

ಮಾಡಿದವರು ಆ ರಾತ್ರಿಯನ್ನು ಮೊದಲೇ ಊಹಿಸಿದ್ದರು ಅಂತ ಆಗ ನನಗೆ ಅನಿಸಿತು. ಎಲ್ಲೋ ಯಮಾಟೊದಲ್ಲಿ ಕೂತವರು, ಬೆಂಗಳೂರಿನ ಒಂದು ಮನೆಯಲ್ಲಿ ಮಗು ಚಹಾ ಚೆಲ್ಲುತ್ತದೆ ಅಂತ ಯೋಚಿಸಿ ಒಂದು ತೂತು ಬಿಟ್ಟಿದ್ದರು.

ಒರೆಸಿ ಒಣಗಿಸಿದ ಮೇಲೆ ಯಂತ್ರ ಹತ್ತಿತು, ಆದರೆ ಸಕ್ಕರೆಯಿಂದ ಕೀಗಳು ಅಂಟತೊಡಗಿದವು. ಆವಾಗ ನನಗೆ ಸಿಕ್ಕಿದ್ದು ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನುಯಲ್. ಇದನ್ನು ನೀವು ನೋಡಲೇಬೇಕು. ರಿಪೇರಿ ಮಾಡುವ ತಂತ್ರಜ್ಞರಿಗೆ ಬರೆದ ಪುಸ್ತಕ. ಕಂಪನಿ ಅದನ್ನು ಬೀಗ ಹಾಕಿ ಇಡಲಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕಾಸು ಕೊಡಬೇಕಿಲ್ಲ. ಪ್ರತಿ ಭಾಗಕ್ಕೂ ಚಿತ್ರ. ಯಾವುದನ್ನು ತೆಗೆಯುವ ಮೊದಲು ಯಾವುದನ್ನು ತೆಗೆಯಬೇಕು ಅಂತ ಕ್ರಮ. ಯಾವ ಸ್ಕ್ರೂ ಎಷ್ಟು ಉದ್ದ, ಎಷ್ಟು ಬಿಗಿ ಮಾಡಬೇಕು ಅಂತ ಪಟ್ಟಿ. ಪ್ರತಿ ಭಾಗಕ್ಕೂ ಎಫ್‌ಆರ್‌ಯು ಎಂಬ ಬಿಡಿಭಾಗದ ನಂಬರ್. ಆ ನಂಬರ್ ಹಿಡಿದುಕೊಂಡು ಹೋದರೆ ಅಂಗಡಿಯಲ್ಲಿ ಮಾತೇ ಬೇಡ. ಮನೆಯ ನಕ್ಷೆಯನ್ನೂ ಬೀಗದಕೈಯನ್ನೂ ಒಟ್ಟಿಗೆ ಕೊಟ್ಟ ಹಾಗೆ.

ಚೀಟಿಯಲ್ಲಿ ನಂಬರ್ ಬರೆದುಕೊಂಡು, ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋದೆ. 900 ರೂಪಾಯಿಗೆ ಕೀಬೋರ್ಡ್ ಸಿಕ್ಕಿತು. ಮನೆಗೆ ಬಂದು ಅಡಿಯಲ್ಲಿ ಕೀಬೋರ್ಡಿನ ಚಿತ್ರ ಇರುವ ಸ್ಕ್ರೂ ತೆಗೆದೆ. ಸ್ಕ್ರೂ ಪಕ್ಕದಲ್ಲೇ ಚಿತ್ರ ಅಚ್ಚು ಹಾಕಿದ್ದಾರೆ, ಓದಲು ಬಾರದವರಿಗೂ ತಿಳಿಯಬೇಕು ಅನ್ನುವ ಹಾಗೆ. ಕೀಬೋರ್ಡನ್ನು ಪರದೆಯ ಕಡೆ ಮೆಲ್ಲಗೆ ನೂಕಿದರೆ ಕೊಕ್ಕೆ ಬಿಡುತ್ತದೆ, ಮುಂದಿನ ಅಂಚು ಮೇಲೆ ಬರುತ್ತದೆ, ಕೇಬಲ್ ಬಿಡಿಸಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಅದಕ್ಕೂ ಮೊದಲು ನಾನು ಯಾವ ಕಂಪ್ಯೂಟರಿನ ಸ್ಕ್ರೂವನ್ನೂ ಮುಟ್ಟಿದವನಲ್ಲ. ಹೊಸ ಕೀಬೋರ್ಡಿನಲ್ಲಿ ಮೊದಲ ಸಾಲು ಟೈಪ್ ಮಾಡಿದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಆ ಧೈರ್ಯದಲ್ಲಿ ಮುಂದೆ ಹೆಚ್ಚಿನ ರ‍್ಯಾಮ್, ಅಂದರೆ ಕೆಲಸದ ಮೆಮೊರಿ ಹಾಕಿದೆ. ಕಾಗದದ ಮೇಲೆ ಇದು 8 ಜಿಬಿ ತನಕ ಅಂತ ಇದೆ, 16 ಜಿಬಿ ಹಾಕಿದರೂ ನಡೆಯುತ್ತದೆ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದೆ, ಅದಕ್ಕೆ ಪಕ್ಕದಲ್ಲಿ ಒಂದೇ ಸ್ಕ್ರೂ. ಒಂದು ಸಲ ಮೋಸವೂ ಹೋದೆ. ಅಸಲಿ ಅಂತ ಹೇಳಿ ಕೊಟ್ಟ ಬ್ಯಾಟರಿ ನಾಲ್ಕೇ ತಿಂಗಳಲ್ಲಿ ಉಬ್ಬಿತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಉಬ್ಬಿದ ಬ್ಯಾಟರಿಯನ್ನು ದಯವಿಟ್ಟು ಒಂದು ದಿನವೂ ಬಳಸಬೇಡಿ, ಒತ್ತಬೇಡಿ, ಚುಚ್ಚಬೇಡಿ.

ಬೆಂಗಳೂರಿನಲ್ಲಿ ಇಷ್ಟು ಥಿಂಕ್‌ಪ್ಯಾಡ್ ಎಲ್ಲಿಂದ ಬಂದವು ಅಂತ ಕೆಲವರು ಕೇಳುತ್ತಾರೆ. ಸಾಫ್ಟ್‌ವೇರ್ ಕಂಪನಿಗಳು ನೌಕರರಿಗೆ ಕೊಟ್ಟದ್ದು. ಮೂರ್ನಾಲ್ಕು ವರ್ಷಕ್ಕೆ ಅವು ಬದಲಾಗುತ್ತವೆ, ಹಳೆಯವು ರಾಶಿ ರಾಶಿಯಾಗಿ ಮಾರಾಟಕ್ಕೆ ಬರುತ್ತವೆ. ಐಟಿಯವರ ಮೇಜಿನಿಂದ ಎಸ್.ಪಿ. ರೋಡಿಗೆ, ಅಲ್ಲಿಂದ ನನ್ನಂಥ ಡಿಟಿಪಿಯವನ, ಓದುವ ಹುಡುಗರ, ಸಣ್ಣ ಅಂಗಡಿಯವರ ಮನೆಗೆ. ಒಂದೇ ಯಂತ್ರಕ್ಕೆ ಎರಡನೆಯ, ಮೂರನೆಯ ಜನ್ಮ. ಗಟ್ಟಿಯಾಗಿ ಮಾಡಿದ್ದರಿಂದಲೇ ಇದು ಸಾಧ್ಯ ಆಯಿತು. ಗಟ್ಟಿ ಅಂದರೆ ಎಷ್ಟು ಗಟ್ಟಿ? 1993ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕ ರಿಪೇರಿಗೆ ಹೋದ ಎಂಡೆವರ್ ನೌಕೆಯಲ್ಲಿ ಥಿಂಕ್‌ಪ್ಯಾಡ್ 750 ಇತ್ತು. ಆಮೇಲೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಬಹಳ ವರ್ಷ ಇವೇ ಇದ್ದವು.

ಒಂದು ನಿಮಿಷ ವಿಷಯ ಬಿಟ್ಟು ಹೋಗುತ್ತೇನೆ. 701 ಎಂಬ ಮಾಡೆಲ್ಲಿನ ಬಗ್ಗೆ ಹೇಳದೆ ಇರಲಾರೆ. 1995ರದ್ದು. ಯಂತ್ರ ಪುಟ್ಟದು, ಕೀಬೋರ್ಡ್ ಅದಕ್ಕಿಂತ ಅಗಲ. ಜಾನ್ ಕರಿಡಿಸ್ ಎಂಬ ಎಂಜಿನಿಯರ್ ಕೀಬೋರ್ಡನ್ನು ಓರೆಯಾಗಿ ಎರಡು ತುಂಡು ಮಾಡಿದರು. ಮುಚ್ಚಳ ತೆರೆದ ಹಾಗೆ ಎರಡೂ ತುಂಡು ಸರಿದು, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಹೊರಗೆ ಚಾಚಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದನ್ನು ಇಟ್ಟಿದ್ದಾರೆ. ದೊಡ್ಡ ಪರದೆಗಳು ಅಗ್ಗವಾದ ಮೇಲೆ ಅದರ ಅಗತ್ಯ ಉಳಿಯಲಿಲ್ಲ. ಆದರೂ ಟೈಪ್ ಮಾಡುವವರ ಬೆರಳು ಇಕ್ಕಟ್ಟಾಗಬಾರದು ಅಂತ ಯಾರೋ ಅಷ್ಟು ಕಷ್ಟಪಟ್ಟರಲ್ಲ, ಅದು ನನಗೆ ಬಹಳ ದೊಡ್ಡದು ಅನಿಸುತ್ತದೆ.

ವಿಷಯಕ್ಕೆ ಬರುತ್ತೇನೆ. 2004ರ ಡಿಸೆಂಬರ್‌ನಲ್ಲಿ ಐಬಿಎಂ ತನ್ನ ಪಿಸಿ ವಿಭಾಗವನ್ನು ಚೀನಾದ ಲೆನೊವೊಗೆ ಮಾರುವುದಾಗಿ ಹೇಳಿತು. 2005ರ ಮೇ 1ಕ್ಕೆ ಕೈ ಬದಲಾಯಿತು. ಅಭಿಮಾನಿಗಳು ಎಲ್ಲ ಮುಗಿದೇ ಹೋಯಿತು ಅಂದುಕೊಂಡರು. ಹಾಗೇನೂ ಆಗಲಿಲ್ಲ, ಯಮಾಟೊದ ತಂಡ ಹಾಗೇ ಮುಂದುವರಿಯಿತು. ಈ ಎಕ್ಸ್220 ಕೂಡ ಲೆನೊವೊ ಕಾಲದ್ದೇ.

ನಿಜವಾದ ಸಿಟ್ಟು ಬಂದದ್ದು 2012ರಲ್ಲಿ. ಏಳು ಸಾಲಿನ ಹಳೆಯ ಕೀಬೋರ್ಡ್ ಹೋಗಿ, ಬಿಡಿ ಬಿಡಿ ಕೀಗಳ ಆರು ಸಾಲಿನದ್ದು ಬಂತು. ಮರುವರ್ಷ ಟಿ440, ಎಕ್ಸ್240 ಬಂದವು. ಕೆಂಪು ಚುಕ್ಕಿಯ ಕೆಳಗೆ ಇದ್ದ ಮೂರು ಗುಂಡಿಗಳನ್ನೇ ತೆಗೆದು ಟಚ್‌ಪ್ಯಾಡಿನೊಳಗೆ ಸೇರಿಸಿಬಿಟ್ಟರು. ಚುಕ್ಕಿ ಇದೆ, ಗುಂಡಿ ಇಲ್ಲ. ತೋರುಬೆರಳಿಗೆ ಕೆಲಸ ಕೊಟ್ಟು ಹೆಬ್ಬೆರಳಿನ ಕೆಲಸ ಕಿತ್ತುಕೊಂಡ ಹಾಗೆ. ಬಳಸುವವರು ಸುಮ್ಮನಿರಲಿಲ್ಲ. 2015ರ ಟಿ450ರಲ್ಲಿ ಗುಂಡಿಗಳು ವಾಪಸ್ ಬಂದವು. ದೊಡ್ಡ ಕಂಪನಿಯೊಂದು ಹೀಗೆ ತಿದ್ದಿಕೊಳ್ಳುವುದು ಅಪರೂಪ, ಅದನ್ನು ಒಪ್ಪಲೇಬೇಕು.

ಏಳು ಸಾಲಿನ ಕೀಬೋರ್ಡ್ ಮಾತ್ರ ಬರಲಿಲ್ಲ. ಆಗ ಅಭಿಮಾನಿಗಳು ಏನು ಮಾಡಿದರು ಗೊತ್ತಾ? ಹೊಸ ಎಕ್ಸ್230ಕ್ಕೆ ಹಳೆಯ ಎಕ್ಸ್220ರ ಕೀಬೋರ್ಡ್ ಕೂರಿಸಿದರು. ಮಾವಿನ ಗಿಡಕ್ಕೆ ಕಸಿ ಕಟ್ಟುವ ಕೆಲಸ ಇದು. ಅಂಚಿನ ಪ್ಲಾಸ್ಟಿಕ್ಕನ್ನು ಅರದಿಂದ ಸ್ವಲ್ಪ ಉಜ್ಜಬೇಕು. ಕನೆಕ್ಟರಿನ ಕೆಲವು ಪಿನ್‌ಗಳಿಗೆ ಟೇಪ್ ಹಚ್ಚಬೇಕು. ಅಷ್ಟಾದರೂ ಒಂದಷ್ಟು ಕೀಗಳು ತಪ್ಪು ಕೆಲಸ ಮಾಡುತ್ತವೆ. ಕೀಬೋರ್ಡನ್ನು ನೋಡಿಕೊಳ್ಳುವ ಒಂದು ಪುಟ್ಟ ಚಿಪ್ ಇದೆ, ಅದರೊಳಗಿನ ಸಾಫ್ಟ್‌ವೇರನ್ನೇ ಕೆಲವರು ಓದಿ, ತಿದ್ದಿ, ಎಲ್ಲರಿಗೂ ಹಂಚಿದರು. ಚೀನಾದ ಹವ್ಯಾಸಿಗಳು ಇನ್ನೂ ಮುಂದೆ ಹೋಗಿ, ಹಳೆಯ ಎಕ್ಸ್60, ಎಕ್ಸ್201 ಮೈಯೊಳಗೆ ಕೂರುವಂಥ ಹೊಸ ಮದರ್‌ಬೋರ್ಡನ್ನೇ ಮಾಡಿದರು. ಮೈ ಹಳೆಯದು, ಜೀವ ಹೊಸದು. 

ಇನ್ನೊಂದು ಗುಂಪಿನವರು ಇದ್ದಾರೆ. ಕಂಪ್ಯೂಟರ್ ಹತ್ತುವಾಗ ಮೊದಲು ಓಡುವ ಬಯಾಸ್ ಎಂಬ ಸಾಫ್ಟ್‌ವೇರ್ ಕೂಡ ನಾವು ಓದಿ ತಿದ್ದುವಂತಿರಬೇಕು ಅನ್ನುವವರು. ಅವರಿಗೂ ಥಿಂಕ್‌ಪ್ಯಾಡೇ ಬೇಕು. ಸ್ವತಂತ್ರ ತಂತ್ರಾಂಶಕ್ಕಾಗಿ ದುಡಿಯುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2013ರಲ್ಲಿ ಮೊದಲ ಬಾರಿಗೆ ಒಂದು ಲ್ಯಾಪ್‌ಟಾಪಿಗೆ ತನ್ನ ಒಪ್ಪಿಗೆಯ ಮುದ್ರೆ ಕೊಟ್ಟಿತು. ಅದು ಬಯಾಸ್ ಬದಲಾಯಿಸಿದ ಎಕ್ಸ್60. ಇಲ್ಲಿ ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಇಷ್ಟೆಲ್ಲ ಬಿಚ್ಚಲು ಬಿಟ್ಟ ಇದೇ ಯಂತ್ರಗಳಲ್ಲಿ, ತಮ್ಮ ಪಟ್ಟಿಯಲ್ಲಿ ಇಲ್ಲದ ವೈಫೈ ಕಾರ್ಡ್ ಹಾಕಿದರೆ 1802 ಎಂಬ ಸಂದೇಶ ತೋರಿಸಿ ಅಲ್ಲೇ ನಿಂತುಬಿಡುವ ಕಟ್ಟುಪಾಡು ಇತ್ತು. ನನಗದು ಸರಿ ಕಾಣುವುದಿಲ್ಲ. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ತಡೆದ ಹಾಗೆ. ಬಯಾಸ್ ಬದಲಾಯಿಸಲು ಬಹಳ ಜನ ಕಲಿತದ್ದೇ ಈ ತಡೆಯನ್ನು ದಾಟಲು.

2015ರಲ್ಲಿ ಲೆನೊವೊದ ವಿನ್ಯಾಸ ಮುಖ್ಯಸ್ಥ ಡೇವಿಡ್ ಹಿಲ್, ಹಳೆಯ ಶೈಲಿಯ ಥಿಂಕ್‌ಪ್ಯಾಡ್ ಮಾಡಿದರೆ ನಿಮಗೆ ಏನೇನು ಬೇಕು ಅಂತ ಅಭಿಮಾನಿಗಳನ್ನೇ ಕೇಳಿದರು. 2017ರಲ್ಲಿ ಇಪ್ಪತ್ತೈದು ವರ್ಷ ತುಂಬಿದಾಗ ಥಿಂಕ್‌ಪ್ಯಾಡ್ 25 ಬಂತು. ಏಳು ಸಾಲಿನ ಕೀಬೋರ್ಡ್, ನೀಲಿ ಎಂಟರ್ ಕೀ. ಬೆಲೆ 1,899 ಡಾಲರ್. ನಾನು ಕೊಳ್ಳಲು ಆಗಲಿಲ್ಲ. ಒಬ್ಬ ಸ್ನೇಹಿತರ ಮನೆಯಲ್ಲಿ ಒಂದು ಸಂಜೆ ಅದರಲ್ಲಿ ನಾಲ್ಕು ಪುಟ ಟೈಪ್ ಮಾಡಿ ಬಂದೆ.

ಈಗಿನ ಸ್ಥಿತಿ ಬಗ್ಗೆ ನನಗೆ ಬೇಸರ ಇದೆ. ರ‍್ಯಾಮನ್ನೇ ತಗೊಳ್ಳಿ. ಎಕ್ಸ್220ರಲ್ಲಿ ಎರಡು ಜಾಗ. 2013ರ ಎಕ್ಸ್240ರಲ್ಲಿ ಒಂದೇ. 2018ರ ಎಕ್ಸ್280ರಲ್ಲಿ ಜಾಗವೇ ಇಲ್ಲ, ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಹೊಸದಾಗಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ನನ್ನನ್ನು ಕೇಳಿದರೆ ನಾನು ಹೇಳುವುದು 2018ರ ಟಿ480. ರ‍್ಯಾಮ್‌ಗೆ ಎರಡು ಜಾಗ ಇದೆ. ಒಳಗೊಂದು, ಹಿಂದೊಂದು ಅಂತ ಎರಡು ಬ್ಯಾಟರಿ. ಕೆಲಸ ನಡೆಯುತ್ತಿರುವಾಗಲೇ ಹಿಂದಿನದ್ದನ್ನು ಕಿತ್ತು ಬೇರೆ ಹಾಕಬಹುದು, ಯಂತ್ರ ಆರುವುದಿಲ್ಲ. ಕರೆಂಟ್ ನಂಬಲಾಗದ ಊರಿನಲ್ಲಿ ಇರುವವರಿಗೆ ಇದಕ್ಕಿಂತ ಇನ್ನೇನು ಬೇಕು? ಪೂರ್ತಿ ನಿರಾಸೆ ಪಡಬೇಕಾಗಿಯೂ ಇಲ್ಲ. 2024ರಲ್ಲಿ ಬಂದ ಟಿ14ರ ಐದನೇ ಪೀಳಿಗೆಯಲ್ಲಿ ಮತ್ತೆ ರ‍್ಯಾಮ್‌ಗೆ ಎರಡು ಜಾಗ ಕೊಟ್ಟಿದ್ದಾರೆ. ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟಿತು.

ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಕೆಲಸ ಒಂದು ಬಾಕಿ ಇದೆ. ಸವೆದ ಎಫ್ ಕೀ ಬಗ್ಗೆ ಹೇಳಿದೆನಲ್ಲ, ಈಗ ಅದು ಎರಡು ಸಲಕ್ಕೆ ಒಂದು ಸಲ ಮಾತ್ರ ಒತ್ತು ಕೊಡುತ್ತಿದೆ. ಅಮ್ಮ ಅಂತ ಟೈಪ್ ಮಾಡಿದರೆ ಅಮಮ ಆಗುತ್ತಿದೆ. ಕಳೆದ ವಾರ ಎಸ್.ಪಿ. ರೋಡಿನಲ್ಲಿ ಇನ್ನೊಂದು ಕೀಬೋರ್ಡ್ ಸಿಕ್ಕಿತು, ಈ ಚೀಲದಲ್ಲಿದೆ. ಮನೆಯಲ್ಲೇ ಹಾಕಬಹುದಿತ್ತು, ನಿಮ್ಮ ಕೈಯಲ್ಲಿ ಹಾಕಿಸೋಣ ಅಂತ ಹಾಗೇ ತಂದೆ. ಸ್ಕ್ರೂಡ್ರೈವರ್ ಇಲ್ಲಿದೆ, ಮ್ಯಾನುಯಲ್ಲಿನ ಆ ಪುಟವನ್ನೂ ಪ್ರಿಂಟ್ ತೆಗೆದು ಇಟ್ಟಿದ್ದೇನೆ. ಇದುವರೆಗೆ ಲ್ಯಾಪ್‌ಟಾಪ್ ಬಿಚ್ಚದೇ ಇರುವ ಯಾರಾದರೂ ಒಬ್ಬರು ಮುಂದೆ ಬನ್ನಿ. ಮೊದಲು ಬ್ಯಾಟರಿ ತೆಗೆಯಿರಿ.